ಎರಡು ನಿಮಿಷಕ್ಕೊಂದು ಕರೆ

ಹೊಟ್ಟೆಕಿಚ್ಚು ಕೆಟ್ಟದ್ದು ಎಂದು ಬುದ್ಧಿ ಹೇಳುವವರೆಲ್ಲ ಅದರ ರುಚಿ ನೋಡಿದವರೇ. ಕೀಲಿಯಕ್ಕನೂ ನೋಡಿದಳು. ಅದೂ ನಲವತ್ತಮೂರನೆಯ ವಯಸ್ಸಿಗೆ, ಮದುವೆಯಾಗಿ ಹದಿನೆಂಟು ವರ್ಷ ಕಳೆದ ಮೇಲೆ, ಮುಖವನ್ನೇ ಕಾಣದ ಒಬ್ಬ ಹೆಂಗಸಿನ ದನಿಯ ಮೇಲೆ.

ಅವಳು ಅಗ್ನಿಶಾಮಕ ದಳದ ವೈರ್‌ಲೆಸ್ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ಕು. ಗಂಡ ಅದೇ ದಳದಲ್ಲಿ ಏಣಿ ಗಾಡಿಯ ಮುಂದಾಳು. ವೈರ್‌ಲೆಸ್ ಸೆಟ್ಟಿನಲ್ಲಿ ಅವನನ್ನು ಕರೆಯುವುದು 'ಏಣಿ ಏಳು' ಎಂದು. ಬೆಂಕಿ ಬಿದ್ದಲ್ಲಿ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ಮೊದಲು ಹೊಗೆಯೊಳಗೆ ನುಗ್ಗುವವನು ಅವನೇ. ಇವಳ ವರ್ಕ್‌ಶಾಪು ಊರಿನ ಈ ತುದಿಗೆ, ಅವನ ಠಾಣೆ ಆ ತುದಿಗೆ. ಆದರೂ ಹದಿನೈದು ವರ್ಷ ಅವರಿಬ್ಬರೂ ಒಂದೇ ಕೋಣೆಯಲ್ಲಿ ಕೆಲಸ ಮಾಡಿದಂತೆಯೇ ಇತ್ತು. ಯಾಕೆಂದರೆ ಇವಳ ಮೇಜಿನ ಮೂಲೆಯಲ್ಲಿ ಒಂದು ಹಳೆಯ ಸೆಟ್ಟು ಬೆಳಗ್ಗೆಯಿಂದ ಸಂಜೆವರೆಗೆ ಗೊರಗೊರ ಎನ್ನುತ್ತ ಕೂತಿರುತ್ತಿತ್ತು.

ಆಗ ಎಲ್ಲ ತೆರೆದ ಬಾಗಿಲು. ಯಾರು ಏನು ಮಾತಾಡಿದರೂ ಎಲ್ಲರಿಗೂ ಕೇಳುತ್ತಿತ್ತು. "ನೀರು ಬಿಡಿ", "ಗೇಟು ಚಿಕ್ಕದು, ಗಾಡಿ ಹಿಡಿಯಲ್ಲ", "ಇನ್ನೊಂದು ಪೈಪು ಬೇಕು" ಎಂಬ ಗಂಡನ ಮಾತುಗಳನ್ನು ಕೇಳುತ್ತ ಅವಳು ಬೆಸುಗೆ ಹಾಕುತ್ತಿದ್ದಳು. ಅವನ ದನಿಯಲ್ಲೇ ಅವನು ಮಧ್ಯಾಹ್ನದ ಊಟ ಮಾಡಿದ್ದಾನೋ ಇಲ್ಲವೋ, ಬಲ ಮೊಣಕಾಲು ನೋಯುತ್ತಿದೆಯೋ ಇಲ್ಲವೋ ಎಂದು ಹೇಳಬಲ್ಲಳು. ಮನೆಯಲ್ಲಿ ಅವನದು ಹೂಂ ಮತ್ತು ಊಹೂಂ, ಎರಡೇ ಮಾತು. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ, ಆ ಲೆಕ್ಕದಲ್ಲಿ ಅವಳ ಮನೆಯಲ್ಲಿ ಬಂಗಾರ ಇಡಲು ಜಾಗವಿರಬಾರದಿತ್ತು. ಸೆಟ್ಟಿನಲ್ಲಿ ಮಾತ್ರ ಗಂಡ ಮಾತುಗಾರ. ಆ ಮಾತು ತನಗಲ್ಲದಿದ್ದರೂ ತನ್ನ ಕಿವಿಗೆ ಬೀಳುತ್ತದಲ್ಲ ಎಂಬ ಸಮಾಧಾನದಲ್ಲಿ ಅವಳ ಸಂಸಾರ ನಡೆದಿತ್ತು.

ಹೊಸ ಡಿಜಿಟಲ್ ಸೆಟ್ಟುಗಳು ಬಂದವು, ಆ ಸಮಾಧಾನ ಹೋಯಿತು.

ಅವು ಬರಲು ಕಾರಣವೂ ಇತ್ತು. ಹಳೆಯ ಸೆಟ್ಟಿನ ಮಾತನ್ನು ಕದ್ದು ಕೇಳಿ, ಗಾಡಿಗಿಂತ ಮೊದಲೇ ಗುಜರಿಯವರು ಬೆಂಕಿಯ ಹತ್ತಿರ ಬಂದು ನಿಲ್ಲುತ್ತಿದ್ದರು. ಒಮ್ಮೆ ಯಾವನೋ ಪುಣ್ಯಾತ್ಮ ಕಂಟ್ರೋಲ್ ರೂಮಿನ ದನಿ ಮಾಡಿ ಎರಡು ಗಾಡಿಗಳನ್ನು ಊರಾಚೆಗೆ ಅಟ್ಟಿದ್ದ. ಹೊಸ ಪದ್ಧತಿಯಲ್ಲಿ ಆ ಆಟ ನಡೆಯುವುದಿಲ್ಲ. ಪ್ರತಿ ಸೆಟ್ಟಿನ ಹೊಟ್ಟೆಯಲ್ಲೂ ಅದರದೇ ಒಂದು ಸಂಖ್ಯೆ, ಅದರದೇ ಒಂದು ಗುಟ್ಟು. ಸೆಟ್ಟು ಹಚ್ಚಿದ ಕೂಡಲೇ ಕೇಂದ್ರದ ಯಂತ್ರ ಅದಕ್ಕೊಂದು ಪ್ರಶ್ನೆ ಹಾಕುತ್ತದೆ, ದಿನವೂ ಹೊಸ ಪ್ರಶ್ನೆ. ಗುಟ್ಟು ಗೊತ್ತಿದ್ದ ಸೆಟ್ಟು ಮಾತ್ರ ಸರಿಯುತ್ತರ ಕೊಡಬಲ್ಲದು. ಉತ್ತರ ಗಾಳಿಯಲ್ಲಿ ಹೋಗುತ್ತದೆ, ಗುಟ್ಟು ಹೋಗುವುದಿಲ್ಲ. ಕೀಲಿಯಕ್ಕನಿಗೆ ಇದು ಹೊಸದೇನೂ ಅನಿಸಲಿಲ್ಲ. ಅವಳ ಅತ್ತೆ ಬಾಗಿಲು ತೆಗೆಯುವುದೂ ಹೀಗೆಯೇ. ಸೊಸೆಯ ದನಿ ಕೇಳಿದರೂ ನಂಬದೆ ಒಳಗಿನಿಂದಲೇ "ನಿನ್ನೆ ನಾನು ಯಾವ ಸೀರೆ ಉಟ್ಟಿದ್ದೆ?" ಎಂದು ಕೇಳುವವಳು. ತಪ್ಪು ಹೇಳಿದರೆ ಹೊರಗೇ ನಿಲ್ಲಬೇಕು.

ಉತ್ತರ ಸರಿಯಾದ ಮೇಲೂ ಮಾತು ಬಯಲಲ್ಲಿ ಹೋಗುವುದಿಲ್ಲ. ಕೀಲಿ ಹಾಕಿ ಗುರುತೇ ಸಿಗದಂತೆ ಕಲಸಿ ಕಳಿಸುತ್ತಾರೆ. ಅದೇ ಕೀಲಿ ಇರುವ ಸೆಟ್ಟಿಗೆ ಮಾತ್ರ ಅದು ಮತ್ತೆ ಮಾತಾಗುತ್ತದೆ. ಆ ಕೀಲಿಗಳನ್ನು ದಳದ ಆರುನೂರು ಸೆಟ್ಟುಗಳಿಗೂ ತುಂಬುವ ಕೆಲಸ ಇವಳದು. ಕಿಟಕಿಯಿಲ್ಲದ ಕೋಣೆ, ಕಬ್ಬಿಣದ ಬಾಗಿಲು, ಕೊರಳಲ್ಲಿ ಗುರುತಿನ ಕಾರ್ಡು. ಕೀಲಿಯಕ್ಕ ಎಂಬ ಹೆಸರು ಬಂದದ್ದೇ ಆಮೇಲೆ. ಆದರೆ ಕೀಲಿ ತುಂಬುವವರಿಗೆ ಕೇಳುವ ಹಕ್ಕಿಲ್ಲ ಎಂದು ನಿಯಮ. ಊರಿನ ಬಾಗಿಲಿಗೆಲ್ಲ ಬೀಗ ಹಾಕಿ ಕೊಟ್ಟವಳು ತಾನೇ ಹೊರಗುಳಿದಳು. ಮೇಜಿನ ಮೂಲೆಯ ಹಳೆಯ ಸೆಟ್ಟು ಒಂದು ದಿನ ಸುಮ್ಮನಾಯಿತು. ಅವಳು ಅದರ ಮೇಲೆ ಚಹಾದ ಲೋಟ ಇಡತೊಡಗಿದಳು.

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆದರೆ ಕಂಟ್ರೋಲ್ ರೂಮಿನ ನಾಲ್ಕನೇ ಮೇಜಿಗೆ ಒಬ್ಬಳು ಬಂದಿದ್ದಳು. ಗಾಡಿಯವರೆಲ್ಲ ಅವಳಿಗೆ ಇಟ್ಟ ಹೆಸರು 'ಜೇನು'. ದನಿ ಅಂಥದಂತೆ. ಕೀಲಿಯಕ್ಕನಿಗೆ ಅವಳ ಪರಿಚಯ ಫೋನಿನಲ್ಲಿ ಮಾತ್ರ. "ಅಕ್ಕಾ, ಹನ್ನೆರಡನೇ ನಂಬರ್ ಸೆಟ್ಟು ಕರಕರ ಅಂತಿದೆ, ಸ್ವಲ್ಪ ನೋಡ್ತೀರಾ?" ಎಂದು ಕೇಳುತ್ತಿದ್ದಳು. ದನಿ ಚೆನ್ನಾಗಿತ್ತು, ಅದೇ ತೊಂದರೆ. ಕೀಲಿಯಕ್ಕ ಮನಸ್ಸಿನಲ್ಲೇ ಅವಳಿಗೆ 'ಕಡಜ' ಎಂದು ಬೇರೆ ಹೆಸರಿಟ್ಟುಕೊಂಡಳು.

ಗಂಡನ ಬಾಯಲ್ಲಿ ಆ ಹೆಸರು ಬರತೊಡಗಿತು. ಹೂಂ, ಊಹೂಂ ಎನ್ನುವ ಮನುಷ್ಯ ಒಂದು ದಿನ ತಟ್ಟೆಯ ಮುಂದೆ ಕೂತು, "ನಾಳೆ ಗಾಳಿ ಜಾಸ್ತಿ ಇರುತ್ತಂತೆ, ಜೇನು ಹೇಳಿದ್ಲು" ಎಂದ. ಒಂದೇ ಉಸಿರಿಗೆ ಆರು ಪದ. ಅತ್ತೆ ಕೂಡ ತಲೆಯೆತ್ತಿ ನೋಡಿದಳು.

"ಜೇನು ಇನ್ನೇನೇನು ಹೇಳಿದ್ಲು?" ಎಂದಳು ಕೀಲಿಯಕ್ಕ.

"ಊಹೂಂ."

ಅದಾದ ವಾರಕ್ಕೆ ಒಂದು ದೂರಿನ ಸಲುವಾಗಿ ಕೇಂದ್ರದಿಂದ ತಿಂಗಳ ಕರೆಗಳ ಪಟ್ಟಿಯನ್ನು ವರ್ಕ್‌ಶಾಪಿಗೆ ತರಿಸಿದರು. ಪಟ್ಟಿಯಲ್ಲಿ ಯಾರು ಯಾರನ್ನು ಕರೆದರು, ಯಾವಾಗ, ಎಷ್ಟು ಸೆಕೆಂಡು ಎಂದಷ್ಟೇ ಇರುತ್ತದೆ. ಏನು ಮಾತಾಡಿದರು ಎನ್ನುವುದು ಇರುವುದಿಲ್ಲ. ಹೊಟ್ಟೆಕಿಚ್ಚಿಗೆ ಇದಕ್ಕಿಂತ ಒಳ್ಳೆಯ ಎಣ್ಣೆ ಇನ್ನೊಂದಿಲ್ಲ. ನಾಲ್ಕನೇ ಮೇಜಿನಿಂದ ಉಳಿದ ಗಾಡಿಗಳ ಮುಂದಾಳುಗಳಿಗೆ ತಿಂಗಳಲ್ಲಿ ಎರಡೋ ಮೂರೋ ಖಾಸಗಿ ಕರೆ, ಅಂದರೆ ಆ ಒಬ್ಬರಿಗೆ ಮಾತ್ರ ಕೇಳುವಂಥದು. ಏಣಿ ಏಳಕ್ಕೆ ನಲವತ್ತೊಂದು. ಎಲ್ಲ ಆ ಕಡೆಯಿಂದಲೇ. ಪ್ರತಿಯೊಂದೂ ನಾಲ್ಕೈದು ಸೆಕೆಂಡು.

ನಾಲ್ಕು ಸೆಕೆಂಡಿನಲ್ಲಿ ಏನು ಹೇಳಬಹುದು? ಅಂದು ಮಧ್ಯಾಹ್ನ ಅವಳು ಕಬ್ಬಿಣದ ಬಾಗಿಲು ಹಾಕಿಕೊಂಡು ಗೋಡೆಯ ಗಡಿಯಾರ ನೋಡುತ್ತ ಹೇಳಿ ನೋಡಿದಳು. ಹದಿನೇಳು ಬಗೆಯ ಮಾತು ನಾಲ್ಕು ಸೆಕೆಂಡಿನಲ್ಲಿ ಮುಗಿಯುತ್ತದೆ, ಹದಿನೇಳೂ ಗಂಡ ಹೆಂಡತಿ ಆಡಬೇಕಾದವು. ಪಟ್ಟಿಯಲ್ಲಿ ಇನ್ನೊಂದು ಸಂಗತಿಯೂ ಇತ್ತು. ಕರೆಗಳು ನಾಲ್ಕು, ಐದು, ಆರರ ಗುಂಪಾಗಿ ಬಂದಿದ್ದವು, ಒಂದಕ್ಕೊಂದು ಸರಿಯಾಗಿ ಎರಡು ನಿಮಿಷ ಅಂತರ. ಅದು ಅವಳ ಕಣ್ಣೆದುರಿಗೇ ಇತ್ತು. ಆದರೆ ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ. ಅವಳಿಗೆ ಕಂಡದ್ದು ನಲವತ್ತೊಂದು ಎಂಬ ಸಂಖ್ಯೆ ಮಾತ್ರ.

ಅವಕಾಶ ತಾನಾಗಿ ಕಾಲಿಗೆ ತೊಡರಿತು. ಗಂಡನ ಸೆಟ್ಟು ನೀರಿನ ತೊಟ್ಟಿಗೆ ಬಿದ್ದು ರಿಪೇರಿಗೆ ಬಂತು. ಒಳಗಿನ ಬೋರ್ಡು ಹಾಳಾಗಿದೆ ಎಂದು ಬರೆದು, ಅವಳು ಹೊಸ ಬೋರ್ಡು ಕೂರಿಸಿ, ಅದಕ್ಕೆ ಏಣಿ ಏಳರ ಸಂಖ್ಯೆಯನ್ನೂ ಗುಟ್ಟನ್ನೂ ತುಂಬಿ ಕಳಿಸಿದಳು. ನಿಯಮದ ಪ್ರಕಾರ ಹಳೆಯ ಬೋರ್ಡನ್ನು ಅದೇ ದಿನ ಯಂತ್ರಕ್ಕೆ ಹಾಕಿ ಪುಡಿ ಮಾಡಬೇಕು. ಒಂದು ಸಂಖ್ಯೆಯ ಗುಟ್ಟು ಎರಡು ಕಡೆ ಇರಕೂಡದು. ಪುಡಿ ಮಾಡಿದ್ದಕ್ಕೆ ಪುಸ್ತಕದಲ್ಲಿ ಎರಡು ಸಹಿ ಬೇಕು, ಒಂದು ಅವಳದು, ಇನ್ನೊಂದು ವರ್ಕ್‌ಶಾಪಿನ ಮುಖ್ಯಸ್ಥ ದೊಡ್ಡಯ್ಯನದು. ದೊಡ್ಡಯ್ಯ ನಿವೃತ್ತಿಗೆ ಹತ್ತಿರವಾದ ಮನುಷ್ಯ. ಉಳಿದವರ ಪುಸ್ತಕವನ್ನು ಕನ್ನಡಕ ಹಾಕಿಕೊಂಡು ಓದುತ್ತಿದ್ದ, ಕೀಲಿಯಕ್ಕನ ಪುಸ್ತಕಕ್ಕೆ ಕನ್ನಡಕವಿಲ್ಲದೆ ಸಹಿ ಹಾಕುತ್ತಿದ್ದ.

ಅವಳು ಯಂತ್ರಕ್ಕೆ ಹಾಕಿದ್ದು ಬೇರೆ ಯಾವುದೋ ಸತ್ತ ಬೋರ್ಡು. ಏಣಿ ಏಳರ ಹಳೆಯ ಬೋರ್ಡನ್ನು ಒಣಗಿಸಿ, ಸುಟ್ಟುಹೋಗಿದ್ದ ಒಂದು ಭಾಗವನ್ನು ಬದಲಿಸಿ, ಗುಜರಿಯಿಂದ ತೆಗೆದ ಖಾಲಿ ಡಬ್ಬಿಯೊಳಗೆ ಕೂರಿಸಿದಳು. ಬೇಲಿಯೇ ಎದ್ದು ಹೊಲ ಮೇಯಿತು. ಹತ್ತೊಂಬತ್ತು ವರ್ಷದಲ್ಲಿ ಅಷ್ಟು ಚೆಂದದ ಬೆಸುಗೆ ಅವಳು ಹಾಕಿರಲಿಲ್ಲ.

ಮರುದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಬಾಗಿಲು ಹಾಕಿಕೊಂಡು ಆ ಸೆಟ್ಟು ಹಚ್ಚಿದಳು. ಕೇಂದ್ರ ಪ್ರಶ್ನೆ ಹಾಕಿತು, ಸೆಟ್ಟು ಉತ್ತರ ಕೊಟ್ಟಿತು, ಹಸಿರು ದೀಪ ಹತ್ತಿತು. ಅಷ್ಟು ದೊಡ್ಡ ಯಂತ್ರಕ್ಕೆ ತಾನು ತನ್ನ ಗಂಡನಾಗಿ ಕಾಣಿಸಿದೆ ಎಂಬ ಯೋಚನೆ ಬಂದು ಅವಳಿಗೆ ನಗು ಬಂತು. ಹದಿನೆಂಟು ವರ್ಷದಲ್ಲಿ ಅವನ ಒಳಗೆ ಇಷ್ಟು ಸಲೀಸಾಗಿ ಹೊಕ್ಕಿದ್ದು ಇದೇ ಮೊದಲು.

ಮೊದಲು ಕೇಳಿದ್ದು ಎಲ್ಲರಿಗೂ ಸಾಮಾನ್ಯವಾದ ಮಾತು. ಕಾಗದದ ಗೋದಾಮಿಗೆ ಬೆಂಕಿ ಬಿದ್ದಿದೆ, ನೆಲಮಾಳಿಗೆಯಲ್ಲಿ ಹೊಗೆ ತುಂಬಿದೆ. "ಏಣಿ ಏಳು ಒಳಗೆ ಹೋಗಿ ಆಯ್ತು, ಜೊತೆಗೊಬ್ಬ ಇದಾನೆ" ಎಂದು ಹೊರಗಿದ್ದ ಅಧಿಕಾರಿಯ ದನಿ. ಗಂಡ ಬೆಂಕಿಯೊಳಗಿದ್ದಾನೆ ಎಂದು ತಿಳಿದಾಗ ಅವಳಿಗೆ ಭಯವಾಗಲಿಲ್ಲ. ಸಾವಿರ ಸಲ ಕೇಳಿದ ಮಾತು ಅದು. ಅವಳು ಕಾಯುತ್ತಿದ್ದದ್ದು ಬೇರೆ ಮಾತಿಗೆ.

ಸೆಟ್ಟು ಮೆಲ್ಲಗೆ ಎರಡು ಸಲ ಕುಯ್ ಎಂದಿತು. ಖಾಸಗಿ ಕರೆ. ಪರದೆಯ ಮೇಲೆ 'ಮೇಜು ನಾಲ್ಕು' ಎಂದು ಬಂತು.

"ಎರಡಾಯ್ತು. ನಾನಿಲ್ಲೇ ಇದೀನಿ."

ಅಷ್ಟೇ. ಕರೆ ಮುಗಿಯಿತು. ಕೀಲಿಯಕ್ಕನ ಕಿವಿ ಬಿಸಿಯಾಯಿತು. ಎಲ್ಲರೊಡನೆ ಆಡುವ ಕಚೇರಿಯ ದನಿಯಲ್ಲ ಅದು. ಪಕ್ಕದಲ್ಲಿ ಕೂತು ಆಡುವ ದನಿ. ನಾನಿಲ್ಲೇ ಇದೀನಿ ಎನ್ನಲು ಇವಳು ಯಾರು? ಎಲ್ಲಿದ್ದಾಳಂತೆ?

ಗಡಿಯಾರದ ಮುಳ್ಳು ಎರಡು ಸುತ್ತು ಬಂತು. ಮತ್ತೆ ಕುಯ್ ಕುಯ್.

"ನಾಲ್ಕಾಯ್ತು. ಮೊಣಕಾಲು ನೋಡ್ಕೋ. ಉತ್ತರ ಬೇಡ, ನಿನ್ನ ಕೈ ಖಾಲಿ ಇಲ್ಲ ಅಂತ ಗೊತ್ತು."

ನೋಡ್ಕೋ! ನಿನ್ನ ಕೈ! ಹದಿನೆಂಟು ವರ್ಷದಿಂದ ಕಟ್ಟಿಕೊಂಡ ಹೆಂಡತಿ ಆ ಮನುಷ್ಯನನ್ನು 'ನೀವು' ಬಿಟ್ಟು ಕರೆದಿಲ್ಲ, 'ರೀ' ಬಿಟ್ಟು ಕೂಗಿಲ್ಲ. ಆ ಮೊಣಕಾಲಿಗೆ ಪ್ರತಿ ಸಂಜೆ ಎಣ್ಣೆ ತಿಕ್ಕುವವಳು ತಾನು. ಊರಾಚೆ ಕೂತವಳು ಏಕವಚನದಲ್ಲಿ ಅದರ ಯೋಗಕ್ಷೇಮ ವಿಚಾರಿಸುತ್ತಾಳೆ. ಅವಳಿಗೆ ಆ ಸೆಟ್ಟನ್ನು ಗೋಡೆಗೆ ಎಸೆಯಬೇಕು ಅನಿಸಿತು, ಇನ್ನೂ ಕೇಳಬೇಕು ಎಂದೂ ಅನಿಸಿತು. ಕೇಳಬೇಕು ಎನ್ನುವುದೇ ಗೆದ್ದಿತು.

"ಆರಾಯ್ತು. ಉಸಿರು ನಿಧಾನ ಎಳ್ಕೋ. ಭಯ ಆದ್ರೆ ಆಗ್ಲಿ. ನಿಂಗೆ ಭಯ ಆಗುತ್ತೆ ಅಂತ ನನ್ನ ಬಿಟ್ಟು ಯಾರಿಗೂ ಗೊತ್ತಿಲ್ವಲ್ಲ."

ಇದು ಮಾತ್ರ ನಾಟಿತು. ಪ್ರೀತಿಯ ಮಾತೊಂದು ಕಿವಿಗೆ ಬಿದ್ದಿದ್ದರೆ ಅವಳು ಅದಕ್ಕೆ ತಯಾರಾಗಿಯೇ ಕೂತಿದ್ದಳು. ಬೈಯಲು, ಅಳಲು, ತವರಿಗೆ ಹೊರಡಲು ಎಲ್ಲದಕ್ಕೂ ಮಾತು ಜೋಡಿಸಿಟ್ಟಿದ್ದಳು. ಇದಕ್ಕೆ ತಯಾರಿರಲಿಲ್ಲ. ತನ್ನ ಗಂಡನಿಗೆ ಭಯವೇ? ಅವನು ಅದನ್ನು ಬಾಯಿ ಬಿಟ್ಟು ಹೇಳಿದನೇ? ಹೇಳಿದ್ದು ಅವಳ ಹತ್ತಿರವೇ? ಹೂಂ, ಊಹೂಂ ಎಲ್ಲ ತನ್ನ ಪಾಲಿಗೆ, ಎದೆಯೊಳಗಿನದು ಕಡಜದ ಪಾಲಿಗೆ. ಕೀಲಿಯಕ್ಕನ ಕಣ್ಣು ತುಂಬಿ ಪರದೆ ಮಂಜಾಯಿತು.

"ಎಂಟಾಯ್ತು. ಮುಂದಿನ ಕರೆಗೆ ತಿರುಗ್ಬೇಕು, ನೆನಪಿದೆಯಲ್ಲ?"

ಈ ಕರೆಗಾದರೂ ಅವಳಿಗೆ ತಿಳಿಯಬೇಕಿತ್ತು. ದಳದಲ್ಲಿ ಇದನ್ನು ಅವಳಷ್ಟು ಬಲ್ಲವರಿರಲಿಲ್ಲ. ಹೊಸಬರಿಗೆ ಪಾಠ ಮಾಡುವಾಗ ಕಪ್ಪು ಹಲಗೆಯ ಮೇಲೆ ಅವಳೇ ಬರೆಯುತ್ತಿದ್ದಳು: ಒಂದು ಸಂಖ್ಯೆಗೆ ಒಂದೇ ಸೆಟ್ಟು, ಎರಡು ಸೆಟ್ಟು ಒಂದೇ ಸಂಖ್ಯೆ ಹೇಳಿದರೆ ಕೇಂದ್ರ ಕೊನೆಗೆ ಹಾಜರಿ ಹಾಕಿದ್ದನ್ನೇ ನಂಬುತ್ತದೆ. ಎಲ್ಲರಿಗೂ ಸಾಮಾನ್ಯವಾದ ಮಾತು ಇಬ್ಬರಿಗೂ ಕೇಳೀತು, ಖಾಸಗಿ ಕರೆ ಮಾತ್ರ ಕೊನೆಗೆ ಹಾಜರಾದ ಸೆಟ್ಟಿಗೇ ಹೋಗುತ್ತದೆ. ಎಂಟರಿಂದ ಹತ್ತರವರೆಗಿನ ಆ ಎರಡು ನಿಮಿಷ ಅವಳಿಗೆ ನಿಜವಾಗಿ ಹೊಳೆದಿರಲಿಲ್ಲವೋ, ಅಥವಾ ಹೊಳೆದದ್ದನ್ನು ತುಳಿದು ಕೂತು ಇನ್ನೊಂದು ಮಾತಿಗೆ ಕಿವಿಗೊಟ್ಟಳೋ, ಅದನ್ನು ಅವಳು ಇವತ್ತಿಗೂ ಯಾರ ಹತ್ತಿರವೂ ಹೇಳಿಲ್ಲ.

"ಹತ್ತಾಯ್ತು. ತಿರುಗು. ಹೊರಗೆ ಬಾ."

ಆಗ ಅವಳಿಗೆ ಎಲ್ಲ ಒಟ್ಟಿಗೆ ಕಂಡಿತು. ಎರಡು ನಿಮಿಷದ ಅಂತರ, ಉತ್ತರವಿಲ್ಲದ ನಾಲ್ಕು ಸೆಕೆಂಡಿನ ಕರೆಗಳು, ಹೋಗಲು ಅರ್ಧ ಬರಲು ಅರ್ಧ ಇರಬೇಕಾದ ಸಿಲಿಂಡರಿನ ಗಾಳಿ. ಅದು ಸರಸವಲ್ಲ, ಗಡಿಯಾರ. ಹೊಗೆಯಲ್ಲಿ ಹೊತ್ತು ತಿಳಿಯದ ಮನುಷ್ಯನಿಗೆ ಒಬ್ಬಳು ಹೊತ್ತು ಹೇಳುತ್ತಿದ್ದಾಳೆ. ಆ ಹೊತ್ತು ಅವನಿಗೆ ತಲುಪಿಲ್ಲ. ಐದಕ್ಕೆ ಐದು ಕರೆಯೂ ಇಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ, ತನ್ನ ಅಂಗೈಯಲ್ಲಿ ಬಿದ್ದಿವೆ. ಅಲ್ಲಿ ಅವನು ಮೊದಲನೆಯ ಕರೆಗೇ ಇನ್ನೂ ಕಾಯುತ್ತಿದ್ದಾನೆ. ಕರೆ ಬಂದಿಲ್ಲವಾದ್ದರಿಂದ ಎರಡು ನಿಮಿಷವೂ ಆಗಿಲ್ಲ ಎಂದುಕೊಂಡು ಇನ್ನೂ ಒಳಗೆ ಹೋಗುತ್ತಿದ್ದಾನೆ.

ಕಂಟ್ರೋಲ್ ರೂಮಿನ ಪರದೆಯಲ್ಲಿ ಕರೆ ತಲುಪಿದೆ ಎಂಬ ಹಸಿರು ಗುರುತು ಬಂದಿರುತ್ತದೆ. ಜೇನು ನಿಶ್ಚಿಂತಳಾಗಿರುತ್ತಾಳೆ. ಈ ಲೋಕದಲ್ಲಿ ವಿಷಯ ಗೊತ್ತಿರುವುದು ತನಗೊಬ್ಬಳಿಗೆ. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಮಾನ ಹೋಗುತ್ತದೆ. ಅದೂ ಯಾರ ಮುಂದೆ? ಕೀಲಿಯಕ್ಕ ಗುಂಡಿ ಒತ್ತಿದಳು.

"ಕೇಳಿ. ಇದು ಏಣಿ ಏಳಲ್ಲ."

ಯಂತ್ರ ಇವಳನ್ನು ಗಂಡಸೆಂದು, ಏಣಿ ಏಳೆಂದು ನಂಬಿ ಒಳಗೆ ಬಿಟ್ಟಿತ್ತು. ಜೇನಿನ ಕಿವಿ ನಂಬಲಿಲ್ಲ.

"ಕೀಲಿಯಕ್ಕಾ? ನೀವಾ?"

"ನಾನೇ. ಅವರ ನಂಬರು ನನ್ನ ಕೈಲಿರೋ ಸೆಟ್ಟಲ್ಲೂ ಇದೆ. ನಾನೇ ಇಟ್ಕೊಂಡೆ, ಕೇಳೋಕೆ. ನೀವು ಕರೆದಿದ್ದು ಒಂದೂ ಅವರಿಗೆ ಹೋಗಿಲ್ಲ. ಎಲ್ಲಾ ನನಗೇ ಬಂದಿದೆ. ಎಲ್ಲರಿಗೂ ಕೇಳೋ ಹಾಗೆ ಕೂಗಿ. ಬೇಗ!"

ಜೇನು ಯಾಕೆ ಎಂದು ಕೇಳಲಿಲ್ಲ. "ಆ ಸೆಟ್ಟು ಆರಿಸಿ. ಈಗ್ಲೇ" ಎಂದಳು ಅಷ್ಟೇ. ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಮರುಗಳಿಗೆಯಲ್ಲೇ ಎಲ್ಲರಿಗೂ ಕೇಳುವ ಕರೆಯಲ್ಲಿ ಅವಳ ಕೂಗು ಬಂತು. "ಏಣಿ ಏಳು, ಇಬ್ಬರೂ ಹೊರಗೆ! ಹೊತ್ತು ಮೀರಿದೆ! ಇದ್ದಲ್ಲಿಂದ ತಿರುಗಿ!"

ಗಂಡನ ಉತ್ತರ ಕೇಳುವ ಆಸೆ ಕೀಲಿಯಕ್ಕನ ಬೆರಳಿನವರೆಗೆ ಬಂದಿತ್ತು. ಒಂದೇ ಒಂದು ಹೂಂ ಸಾಕಿತ್ತು. ಆದರೆ ಈ ಸೆಟ್ಟು ಹತ್ತಿರುವಷ್ಟು ಹೊತ್ತೂ ಅವನ ಸೆಟ್ಟಿನ ಕರೆ ಇತ್ತಲೇ ಬರುತ್ತಿರುತ್ತದೆ. ಅವಳು ಸೆಟ್ಟು ಆರಿಸಿ, ಹಿಂದಿನ ಮುಚ್ಚಳ ಬಿಚ್ಚಿ, ಬ್ಯಾಟರಿ ಕಿತ್ತು ಮೇಜಿನ ಆ ತುದಿಗೆ ತಳ್ಳಿದಳು. ಕೋಣೆ ನಿಶ್ಶಬ್ದವಾಯಿತು. ಗಂಡನ ಮಾತು ಕೇಳಬೇಕೆಂದು ಇಷ್ಟೆಲ್ಲ ಮಾಡಿದವಳು, ಅವನು ಬದುಕಿದ್ದಾನೋ ಇಲ್ಲವೋ ಎಂದು ತಿಳಿಯಬೇಕಾದ ಹೊತ್ತಿನಲ್ಲಿ ಕಿವುಡಿಯಾಗಿ ಕೂತಳು. ಬಾಗಿಲು ತೆಗೆದು ಹೊರಗೆ ಬಂದಾಗ ಎದುರಿಗೆ ದೊಡ್ಡಯ್ಯ ಚಹಾ ಲೋಟ ಹಿಡಿದು ನಿಂತಿದ್ದ.

"ಏನಮ್ಮಾ, ಮುಖ ಹಿಂಗಿದೆ?"

ಅವಳು ನಿಂತಲ್ಲೇ ಎಲ್ಲ ಹೇಳಿದಳು. ದೊಡ್ಡಯ್ಯ ಚಹಾ ಕುಡಿಯಲಿಲ್ಲ, ಬೈಯಲೂ ಇಲ್ಲ. ಒಳಗೆ ಹೋಗಿ ಪುಸ್ತಕ ತಂದು, ಕನ್ನಡಕ ಹಾಕಿಕೊಂಡು, ತನ್ನ ಸಹಿ ಇದ್ದ ಪುಟವನ್ನು ಓದಿದ. "ಓದದೆ ಸಹಿ ಹಾಕಿದ್ದು ಇದೊಂದು ಪುಸ್ತಕಕ್ಕೆ" ಎಂದು ಮುಚ್ಚಿಟ್ಟ. ಅವನು ನಾಲ್ಕು ಏಟು ಹೊಡೆದಿದ್ದರೆ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ.

ಫೋನು ಬಂದದ್ದು ಇಪ್ಪತ್ತು ನಿಮಿಷಕ್ಕೆ. ಇಬ್ಬರೂ ಹೊರಗೆ ಬಂದಿದ್ದರು. ಜೊತೆಗಾರನಿಗೆ ಏನೂ ಆಗಿರಲಿಲ್ಲ. ಬಾಗಿಲಿಗೆ ಹತ್ತು ಹೆಜ್ಜೆ ಇರುವಾಗ ಏಣಿ ಏಳರ ಸಿಲಿಂಡರು ಬರಿದಾಗಿ, ಅವನು ಮುಖವಾಡ ಕಿತ್ತು, ಆ ಹತ್ತು ಹೆಜ್ಜೆ ಹೊಗೆಯನ್ನೇ ಉಸಿರಾಡಿದ್ದ. ಹತ್ತು ಹೆಜ್ಜೆ ಎಂದರೆ ಮನೆಯಲ್ಲಿ ಅಡುಗೆಮನೆಯಿಂದ ಬಾಗಿಲಿನವರೆಗೆ. ಕೀಲಿಯಕ್ಕ ಅದನ್ನು ಆಮೇಲೆ ಎಷ್ಟು ಸಲ ನಡೆದು ನೋಡಿದಳೋ.

ಆಸ್ಪತ್ರೆಯ ಪಡಸಾಲೆಯಲ್ಲಿ ಉದ್ದನೆಯ ಬೆಂಚಿನ ಮೇಲೆ ಅವಳು ಕೂತಿದ್ದಾಗ ಒಬ್ಬಳು ಬಂದು ಪಕ್ಕಕ್ಕೆ ಕೂತಳು. ಐವತ್ತರ ಹತ್ತಿರದ ಹೆಂಗಸು. ಕತ್ತರಿಸಿದ ನರೆಗೂದಲು, ಕುಂಟುವ ಎಡಗಾಲು, ದವಡೆಯಲ್ಲಿ ಕೆಮ್ಮಿನ ಮಾತ್ರೆ. ಬಾಯಿ ತೆರೆದ ಮೇಲೆಯೇ ಇವಳು ಯಾರೆಂದು ಕೀಲಿಯಕ್ಕನಿಗೆ ತಿಳಿದದ್ದು.

"ನಾನೂ ಅವನೂ ಒಟ್ಟಿಗೆ ಕೆಲಸಕ್ಕೆ ಸೇರಿದೋರು, ಅಕ್ಕಾ. ನಾನೂ ಏಣಿ ಹತ್ತುತಿದ್ದೋಳೇ. ಕಾಲು ಹೋಯ್ತು, ಮೇಜಿಗೆ ಬಂದೆ. ಹೋದ ವರ್ಷ ಒಂದು ಸಲ ಅವನು ಹೊಗೇಲಿ ಹೊತ್ತು ತಪ್ಪಿ ನಿಂತ್ಬಿಟ್ಟ. ಗಾಳಿಯ ಮೀಟರು ನೋಡ್ತಾನೆ, ಮುಳ್ಳು ಕಾಣುತ್ತೆ, ಆದ್ರೆ ತಲೆಗೆ ಹೋಗಲ್ಲ. ಆವತ್ತಿಂದ ನಾನು ಎಣಿಸ್ತೀನಿ. ಮೇಲಿನೋರಿಗೆ ಗೊತ್ತಾದ್ರೆ ಅವನನ್ನ ಗಾಡಿಯಿಂದ ಇಳಿಸ್ತಾರೆ ಅಂತ ಗುಟ್ಟಾಗಿಟ್ಟಿದ್ವಿ."

ಕೀಲಿಯಕ್ಕ ಗುಟ್ಟು ಕಾಯುವುದೇ ತನ್ನ ಕೆಲಸ ಎಂದುಕೊಂಡಿದ್ದವಳು. ಆರುನೂರು ಸೆಟ್ಟಿನ ಗುಟ್ಟು ತನ್ನ ಕೋಣೆಯಲ್ಲಿತ್ತು, ತನ್ನ ಮನೆಯ ಗುಟ್ಟು ಇವಳಲ್ಲಿತ್ತು.

"ನನ್ನ ಮೇಲೆ ಏನು ಅನುಮಾನ ಪಟ್ರಿ ಅಂತ ನಂಗೆ ಗೊತ್ತಾಯ್ತು" ಎಂದಳು ಜೇನು.

"ಹೂಂ."

"ಈಗ ಹೋಯ್ತಾ?"

"ಅನುಮಾನ ಹೋಯ್ತು. ಹೊಟ್ಟೆಕಿಚ್ಚು ಜಾಸ್ತಿಯಾಯ್ತು" ಎಂದಳು ಕೀಲಿಯಕ್ಕ.

ಜೇನು ನಗಲಿಲ್ಲ. ತನ್ನ ಕೆಮ್ಮಿನ ಮಾತ್ರೆಯ ಪೊಟ್ಟಣ ಮುಂದೆ ಹಿಡಿದಳು. ಕೀಲಿಯಕ್ಕ ಒಂದು ತೆಗೆದುಕೊಂಡಳು.

ವಿಚಾರಣೆಯಲ್ಲಿ ಕೀಲಿಯಕ್ಕನೂ ಜೇನೂ ತಮ್ಮ ತಮ್ಮ ಗುಟ್ಟನ್ನೆಲ್ಲ ಹೇಳಬೇಕಾಯಿತು. ಕೀಲಿಯಕ್ಕನ ಕೊರಳಿನ ಕಾರ್ಡು ತೆಗೆದುಕೊಂಡು ಅವಳನ್ನು ಬ್ಯಾಟರಿ ಕೋಣೆಗೆ ಹಾಕಿದರು. ಸತ್ತ ಬ್ಯಾಟರಿ ತೆಗೆದು ಜೀವ ಇರುವುದನ್ನು ಕೊಡುವ ಕೆಲಸ. ಅಲ್ಲಿ ಯಾವ ಗುಟ್ಟೂ ಇಲ್ಲ. ಹೆಸರು ಮಾತ್ರ ಹೋಗಲಿಲ್ಲ, ಎಲ್ಲರೂ ಕೀಲಿಯಕ್ಕ ಎಂದೇ ಕರೆಯುತ್ತಾರೆ, ಅದು ಪ್ರತಿ ಸಲವೂ ಚುಚ್ಚುತ್ತದೆ. ಅವಳ ಗಂಡನನ್ನು ಗಾಡಿಯಿಂದ ಇಳಿಸಿ ತರಬೇತಿ ಶಾಲೆಗೆ ಕಳಿಸಿದರು. ಅವನು ಅದಕ್ಕೂ ಹೂಂ ಎಂದ.

ಅವನು ಮನೆಗೆ ಬಂದ ಮೂರನೆಯ ದಿನ ಅವಳು ಕೇಳಿಯೇಬಿಟ್ಟಳು. "ರೀ, ಅವಳಿಗೆ ಹೇಳಿದ್ರಿ. ನಂಗ್ಯಾಕೆ ಹೇಳ್ಲಿಲ್ಲ?"

ಹೊಗೆ ಹೊಕ್ಕ ಎದೆ, ಮಾತಿಗೆ ಮೊದಲು ಎರಡು ಸಲ ಕೆಮ್ಮಬೇಕು. ಅವನು ಕೆಮ್ಮಿದ. "ನಿಂಗೆ ಹೇಳಿದ್ರೆ ಹೋಗ್ಬೇಡಿ ಅಂತಿದ್ದೆ" ಎಂದ. "ಅವಳು ಹೋಗು ಅಂದ್ಲು. ಹೋಗು, ನಾನು ಎಣಿಸ್ತೀನಿ ಅಂದ್ಲು."

ಅವನು ಹೇಳಿದ್ದು ನಿಜವಾಗಿತ್ತು. ಕೀಲಿಯಕ್ಕ ಹೋಗ್ಬೇಡಿ ಎಂದೇ ಅನ್ನುತ್ತಿದ್ದಳು. ಇವತ್ತು ಕೇಳಿದರೂ ಹಾಗೆಯೇ ಅಂದಾಳು.

ಡಾಕ್ಟರು ಉಸಿರಾಟದ ಅಭ್ಯಾಸ ಹೇಳಿಕೊಟ್ಟಿದ್ದರು. ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ, ಹತ್ತು ನಿಮಿಷ ನಿಧಾನವಾಗಿ ಉಸಿರು ಎಳೆದು ಬಿಡಬೇಕು. ದಿನಕ್ಕೆ ಮೂರು ಸಲ. ಮೊದಲ ದಿನ ಅವನು ಕಣ್ಣು ಮುಚ್ಚಿದವನು ಅರೆಗಳಿಗೆಯಲ್ಲೇ ತೆರೆದ. ಮತ್ತೆ ಮುಚ್ಚಿ, ಮತ್ತೆ ತೆರೆದ. ಹಣೆಯ ಮೇಲೆ ಬೆವರಿತ್ತು. ಅವಳಿಗೆ ಅರ್ಥವಾಯಿತು. ಕುರ್ಚಿ ಎಳೆದು ಅವನ ಎದುರಿಗೆ ಕೂತಳು.

"ಮುಚ್ಕೊಳ್ಳಿ. ನಾನು ಹೇಳ್ತೀನಿ."

ಅತ್ತೆ ಒಳಗಿನಿಂದ "ಯಾರದು ಬಂದಿರೋದು?" ಎಂದು ಕೇಳಿದಳು. ಅವನು ಕಣ್ಣು ಮುಚ್ಚಿದ. ಎದೆ ಏರಿತು, ಇಳಿಯಿತು.

"ಎರಡಾಯ್ತು" ಎಂದಳು ಕೀಲಿಯಕ್ಕ. ಸ್ವಲ್ಪ ಹೊತ್ತಿನ ಮೇಲೆ, "ನಾಲ್ಕಾಯ್ತು."

ಅವನ ತುಟಿಯ ತುದಿ ಅಲುಗಿತು. ಕಣ್ಣು ತೆರೆಯದೆಯೇ, "ಬೇಗ ಬೇಗ ಎಣಿಸ್ತಿದೀಯ" ಎಂದ. "ಜೇನಿನ ಎರಡು ನಿಮಿಷ ಇನ್ನೂ ಉದ್ದ ಇರುತ್ತೆ."

ಹೊಟ್ಟೆಯೊಳಗೆ ಹಳೆಯ ಬೆಂಕಿ ಭಗ್ಗೆಂದಿತು. ಕೀಲಿಯಕ್ಕ ಎದ್ದು ಹೋಗಿ ಗೋಡೆಯ ಗಡಿಯಾರ ಇಳಿಸಿ ತಂದು ತೊಡೆಯ ಮೇಲೆ ಇಟ್ಟುಕೊಂಡಳು. "ಮತ್ತೆ ಮೊದಲಿಂದ" ಎಂದಳು. ಸೆಕೆಂಡಿನ ಮುಳ್ಳು ಹನ್ನೆರಡಕ್ಕೆ ಬರುವವರೆಗೆ ಕಾದು, ಎರಡು ಪೂರ್ತಿ ಸುತ್ತು ಮುಗಿಯುವವರೆಗೆ ಅವಳು ಬಾಯಿ ತೆರೆಯಲಿಲ್ಲ.